ಬರೆದ ಪೆನ್ನು, ಬರೆದ ಕಾಗದ

‘ಮಗ ಅಮೆರಿಕದಲ್ಲಿರುವ ತಾಯಿ.’ ಇರುವುದು ಮೂರೇ ಪದ. ಮದುವೆ ಮನೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಾವು ಯೋಚಿಸದೆ ಆಡುವಂಥ ಮಾತು. ಇದನ್ನೇ ಇಂಗ್ಲಿಷಿನಲ್ಲಿ ಹೇಳಿ ಎಂದರೆ ಹತ್ತು ವರ್ಷ ಇಂಗ್ಲಿಷ್ ಓದಿದವರೂ ಒಂದು ಗಳಿಗೆ ತಡವರಿಸುತ್ತಾರೆ. ‘ದ ಮದರ್ ಹೂಸ್ ಸನ್ ಈಸ್ ಇನ್ ಅಮೆರಿಕ’ ಎನ್ನಬೇಕು. ಕನ್ನಡದಲ್ಲಿ ಕೊನೆಗೆ ಬಂದ ತಾಯಿ ಇಲ್ಲಿ ಮೊದಲಿಗೇ ಬಂದಳು. ಕನ್ನಡದಲ್ಲಿ ಎಲ್ಲೂ ಕಾಣದ ‘ಹೂಸ್’ ಎಂಬ ಪದ ನಡುವೆ ಬಂದು ನಿಂತಿತು. ಮಗ ಯಾರ ಮಗ ಎಂಬುದನ್ನು ಕನ್ನಡ ಬಾಯಿಬಿಟ್ಟು ಹೇಳಿರಲಿಲ್ಲ, ಕೇಳಿದವರಿಗೆ ತಿಳಿಯಿತು ಅಷ್ಟೆ. ಇಂಗ್ಲಿಷ್ ಮಾತ್ರ ಅದನ್ನು ಹೇಳದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ.

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಅಡ್ಜೆಕ್ಟಿವ್ ಕ್ಲಾಜ್ ಎಂದೋ ರಿಲೇಟಿವ್ ಕ್ಲಾಜ್ ಎಂದೋ ಕರೆಯುವುದು ಇದನ್ನೇ. ನಾವು ವಿಶೇಷಣ ಉಪವಾಕ್ಯ ಎನ್ನೋಣ. ‘ಕೆಂಪು ಅಂಗಿ’ಯಲ್ಲಿ ‘ಕೆಂಪು’ ಮಾಡುವ ಕೆಲಸವನ್ನು ‘ನೀನು ಮೊನ್ನೆ ಕೊಂಡ ಅಂಗಿ’ಯಲ್ಲಿ ಕರ್ತೃ, ಕ್ರಿಯಾಪದ ಎರಡೂ ಇರುವ ಒಂದು ಪುಟ್ಟ ವಾಕ್ಯವೇ ಮಾಡುತ್ತದೆ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಇದರ ಜೀವಾಳವನ್ನು ಕೃದಂತನಾಮ ಎಂಬ ಹೆಸರಿನಲ್ಲಿ ಎಲ್ಲರೂ ಓದಿದ್ದೇವೆ: ಮಾಡಿದ, ಮಾಡುವ, ಮಾಡದ. ಅಂಗನವಾಡಿಗೆ ಹೋಗುವ ಮಗು ಕೂಡ ‘ಅಜ್ಜಿ ಕೊಟ್ಟ ಲಾಡು’ ಎನ್ನುತ್ತದೆ. ಅಂದರೆ ವಿಶೇಷಣ ಉಪವಾಕ್ಯವನ್ನು ಕಟ್ಟುವ ಬುದ್ಧಿ ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಕಲಿಯುವ ಮೊದಲೇ ಬಂದಿರುತ್ತದೆ. ಇಂಗ್ಲಿಷ್ ಪಾಠ ಮಾತ್ರ ಆ ಬುದ್ಧಿಯನ್ನು ಮುಟ್ಟುವುದೇ ಇಲ್ಲ. ಇದು ನನಗೆ ನಿಜವಾಗಿಯೂ ನೋವು ತರುವ ಸಂಗತಿ. ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಹೋಗಲು ಇಷ್ಟು ಹತ್ತಿರದ ದಾರಿ ಇರುವಾಗ ಮಕ್ಕಳನ್ನು ಸುತ್ತುದಾರಿಯಲ್ಲಿ ನಡೆಸುತ್ತಿದ್ದೇವೆ.

ಆ ಸುತ್ತುದಾರಿ ಯಾವುದೆಂದು ರೆನ್ ಮತ್ತು ಮಾರ್ಟಿನ್ ಪುಸ್ತಕ ತಿರುವಿಹಾಕಿದವರಿಗೆ ಗೊತ್ತು. ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದ, 1924ರಲ್ಲಿ ‘ಬೋ ಜೆಸ್ಟ್’ ಕಾದಂಬರಿ ಬರೆದು ಹೆಸರಾದ ಪಿ.ಸಿ. ರೆನ್, ಎಚ್. ಮಾರ್ಟಿನ್ ಜೊತೆಗೂಡಿ 1930ರ ದಶಕದಲ್ಲಿ ಹೊರತಂದ ಹೈಸ್ಕೂಲ್ ವ್ಯಾಕರಣ ಇಂದಿಗೂ ನಮ್ಮ ಪುಸ್ತಕದಂಗಡಿಗಳಲ್ಲಿ ಬಿಕರಿಯಾಗುತ್ತದೆ. ವಿಭಾಗಿಸಿ ವಿವರಿಸುವುದರಲ್ಲಿ ಅದು ಇಂದಿಗೂ ಗಟ್ಟಿ ಪುಸ್ತಕ. ಆದರೆ ಅದರ ನೆರಳಿನಲ್ಲಿ ನಮ್ಮ ತರಗತಿಗಳಲ್ಲಿ ಬೇರೂರಿದ ಅಭ್ಯಾಸವೆಂದರೆ ಎರಡು ವಾಕ್ಯ ಕೊಟ್ಟು ಒಂದು ಮಾಡಿಸುವುದು. ‘ಇವನು ಆ ಹುಡುಗ. ಅವನು ಕಿಟಕಿ ಒಡೆದ.’ ‘ಅವನು’ ಎಂಬಲ್ಲಿ ‘ಹೂ’ ಹಾಕು, ಅಂಟಿಸು. ಕರ್ತೃವಿನ ಸ್ಥಾನದಲ್ಲಿ ಇದು ನಡೆಯುತ್ತದೆ. ‘ಇವರು ನಮ್ಮ ಮೇಷ್ಟ್ರು. ನಾನು ಇವರನ್ನು ನಿನ್ನೆ ನೋಡಿದೆ’ ಎಂದು ಬಂದ ಕೂಡಲೇ ಹುಡುಗ ‘ದ ಟೀಚರ್ ಹೂಮ್ ಐ ಸಾ ಹಿಮ್ ಯೆಸ್ಟರ್‌ಡೇ’ ಎಂದು ಬರೆಯುತ್ತಾನೆ. ಎರಡನೆಯ ವಾಕ್ಯದಲ್ಲಿದ್ದ ‘ಹಿಮ್’ ಅಲ್ಲೇ ಉಳಿದುಬಿಡುತ್ತದೆ. ತಪ್ಪು ಹುಡುಗನ ತಲೆಯಲ್ಲಿ ಹುಟ್ಟಿದ್ದೆನ್ನುವುದಕ್ಕಿಂತ ಅಭ್ಯಾಸದ ಹೊಟ್ಟೆಯಲ್ಲೇ ಹುಟ್ಟಿದ್ದು ಎನ್ನುವುದು ಸರಿ. ಕನ್ನಡದಲ್ಲಿ ‘ನಾನು ನಿನ್ನೆ ಅವರನ್ನು ನೋಡಿದ ಮೇಷ್ಟ್ರು’ ಎಂದು ಯಾವ ಮಗುವೂ ಎನ್ನುವುದಿಲ್ಲ. ‘ನಾನು ನಿನ್ನೆ ನೋಡಿದ ಮೇಷ್ಟ್ರು’ ಎನ್ನುತ್ತದೆ. ಆ ‘ಅವರನ್ನು’ ಬಿದ್ದುಹೋಗಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಎರಡು ಭಾಷೆಗಳ ನಡುವಿನ ನಿಜವಾದ ವ್ಯತ್ಯಾಸ ಬೇರೆಡೆ ಇದೆ. ‘ನಾನು ಬರೆದ ಕಾಗದ’, ‘ನಾನು ಬರೆದ ಪೆನ್ನು’, ‘ನಾನು ಬರೆದ ಮೇಜು’, ‘ನಾನು ಬರೆದ ದಿನ’ ಎಂಬ ನಾಲ್ಕು ಮಾತುಗಳನ್ನು ನೋಡಿ. ನಾಲ್ಕರಲ್ಲೂ ‘ಬರೆದ’ ಎಂಬುದು ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೂ ಕಾಗದ ಬರೆಯಲ್ಪಟ್ಟದ್ದು, ಪೆನ್ನು ಬರೆಯುವ ಸಾಧನ, ಮೇಜು ಬರೆದ ಜಾಗ, ದಿನ ಬರೆದ ಕಾಲ ಎಂಬುದು ಕೇಳುವವರಿಗೆ ಸಲೀಸಾಗಿ ತಿಳಿಯುತ್ತದೆ. ಪೆನ್ನು ಎಂದರೇನು, ಮೇಜು ಎಂದರೇನು ಎಂಬ ಲೋಕಜ್ಞಾನವನ್ನು ನಂಬಿ ಕನ್ನಡ ಸಂಬಂಧವನ್ನು ಹೇಳದೆ ಬಿಡುತ್ತದೆ. ಇಂಗ್ಲಿಷಿಗೆ ಆ ನಂಬಿಕೆ ಸಾಲದು. ‘ದ ಲೆಟರ್ ವಿಚ್ ಐ ರೋಟ್’, ‘ದ ಪೆನ್ ವಿತ್ ವಿಚ್ ಐ ರೋಟ್’, ‘ದ ಟೇಬಲ್ ಅಟ್ ವಿಚ್ ಐ ರೋಟ್’, ‘ದ ಡೇ ವೆನ್ ಐ ರೋಟ್’ ಎಂದು ಒಂದೊಂದಕ್ಕೂ ಬೇರೆ ಬೇರೆ ಹಾದಿ. ‘ದ ಪೆನ್ ವಿಚ್ ಐ ರೋಟ್’ ಎಂದರೆ ಪೆನ್ನನ್ನೇ ಬರೆದೆ ಎಂದಾಗುತ್ತದೆ. ‘ದ ಹೌಸ್ ವಿಚ್ ಐ ಲಿವ್’ ಎಂದು ನಿಲ್ಲಿಸಿದರೆ ವಾಕ್ಯ ಅರ್ಧದಲ್ಲೇ ಮುರಿದಂತೆ ಕೇಳುತ್ತದೆ. ಕನ್ನಡಿಗರ ಇಂಗ್ಲಿಷಿನಲ್ಲಿ ಪದೇ ಪದೇ ಕಾಣುವ ಈ ಲೋಪಕ್ಕೆ ಕನ್ನಡದ ಜಾಣ್ಮೆಯೇ ಕಾರಣ. ಸಂಬಂಧ ತಾನಾಗಿ ತಿಳಿಯುತ್ತದೆ ಎಂದು ನಂಬಿ ಬೆಳೆದ ನಾಲಿಗೆ ಅದನ್ನು ಹೇಳುವ ಅಗತ್ಯವನ್ನೇ ಕಾಣುವುದಿಲ್ಲ.

ಹಾಗಾದರೆ ಬಿದ್ದುಹೋದ ಸಂಬಂಧವನ್ನು ಮರಳಿ ಹುಡುಕುವುದು ಹೇಗೆ? ಶಾಲೆಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತ ವಿಭಕ್ತಿಗಳು ಇಲ್ಲಿ ಕೈಹಿಡಿಯುತ್ತವೆ. ಯಾವ ಕೃದಂತವನ್ನಾದರೂ ತೆಗೆದುಕೊಂಡು, ಅದರ ಮುಂದಿನ ನಾಮಪದವನ್ನು ವಾಕ್ಯದ ಒಳಕ್ಕೆ ವಾಪಸು ಕಳಿಸಿ ನೋಡಿ. ‘ಹಾಲು ತಂದ ಹುಡುಗ’: ಹುಡುಗನು ಹಾಲು ತಂದನು. ಪ್ರಥಮಾ ವಿಭಕ್ತಿ, ಅಂದರೆ ‘ಹೂ’. ‘ನಾಯಿ ಕಚ್ಚಿದ ಹುಡುಗ’: ನಾಯಿ ಹುಡುಗನನ್ನು ಕಚ್ಚಿತು. ದ್ವಿತೀಯೆ, ಆದ್ದರಿಂದ ‘ಹೂಮ್’. ‘ನಾನು ದುಡ್ಡು ಕೊಟ್ಟ ಅಂಗಡಿಯವನು’: ಅಂಗಡಿಯವನಿಗೆ ಕೊಟ್ಟೆ. ಆ ‘ಇಗೆ’ ಇಂಗ್ಲಿಷಿನಲ್ಲಿ ‘ಟು ಹೂಮ್’ ಆಗುತ್ತದೆ. ‘ನಾವು ನೀರು ಸೇದುವ ಬಾವಿ’: ಬಾವಿಯಿಂದ ಸೇದುತ್ತೇವೆ, ಹಾಗಾಗಿ ‘ಫ್ರಮ್ ವಿಚ್’. ‘ಕಾಲು ಮುರಿದ ಕುರ್ಚಿ’: ಕುರ್ಚಿಯ ಕಾಲು ಮುರಿಯಿತು. ಷಷ್ಠಿ ಬಂತೆಂದರೆ ‘ಹೂಸ್’ ಬಂತು. ‘ಹೂಸ್’ ಮನುಷ್ಯರಿಗೆ ಮಾತ್ರ ಎಂದು ಅನೇಕರು ಹಿಂಜರಿಯುತ್ತಾರೆ. ಆ ಹಿಂಜರಿಕೆ ಬೇಡ, ಕುರ್ಚಿಗೂ ಊರಿಗೂ ಕಂಪನಿಗೂ ಅದು ಸಲ್ಲುತ್ತದೆ. ‘ನಾನು ಹುಟ್ಟಿದ ಮನೆ’: ಮನೆಯಲ್ಲಿ ಹುಟ್ಟಿದೆ. ಸಪ್ತಮಿಯ ‘ಅಲ್ಲಿ’ ಇಂಗ್ಲಿಷಿನಲ್ಲಿ ‘ಇನ್ ವಿಚ್’ ಇಲ್ಲವೇ ‘ವೇರ್’. ಇಷ್ಟು ತಿಳಿದರೆ ‘ದ ಹೌಸ್ ವೇರ್ ಐ ಲಿವ್ ಇನ್’ ಎಂಬ ಇನ್ನೊಂದು ಸಾಮಾನ್ಯ ತಪ್ಪಿನ ಗುಟ್ಟೂ ಬಯಲಾಗುತ್ತದೆ. ‘ವೇರ್’ ಒಳಗೇ ‘ಅಲ್ಲಿ’ ಇದೆ, ಮೇಲೆ ‘ಇನ್’ ಹಾಕಿದರೆ ವಿಭಕ್ತಿ ಎರಡು ಸಲ ಹಚ್ಚಿದಂತೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಂಸ್ಕೃತದ ಏಳು ವಿಭಕ್ತಿಗಳ ಅಚ್ಚಿಗೆ ಕನ್ನಡವನ್ನು ತುಂಬುವುದು ಸರಿಯಲ್ಲ ಎಂದು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬರೆದ ಡಿ.ಎನ್. ಶಂಕರ ಭಟ್ಟರಂಥ ವಿದ್ವಾಂಸರು ವಾದಿಸಿದ್ದಾರೆ, ಅದರಲ್ಲಿ ಹುರುಳಿದೆ. ನಮ್ಮ ಆಡುಮಾತಿನಲ್ಲಿ ‘ಪೆನ್ನಿನಿಂದ’ ಎನ್ನುವುದಕ್ಕಿಂತ ‘ಪೆನ್ನಲ್ಲಿ’ ಬರೆಯುವುದೇ ಹೆಚ್ಚು. ‘ಇಂದ’ ಎಂಬ ಒಂದೇ ಪ್ರತ್ಯಯ ಸಾಧನಕ್ಕೂ ಬರುತ್ತದೆ, ಹೊರಟ ಜಾಗಕ್ಕೂ ಬರುತ್ತದೆ. ಇಂಗ್ಲಿಷ್ ಅವನ್ನು ‘ವಿತ್’, ‘ಬೈ’, ‘ಫ್ರಮ್’ ಎಂದು ಬೇರೆ ಮಾಡುತ್ತದೆ. ಆದ್ದರಿಂದ ವಿಭಕ್ತಿ ನಮಗೆ ತೋರಿಸಿಕೊಡುವುದು ಇಲ್ಲೊಂದು ಸಂಬಂಧ ಬಿದ್ದುಹೋಗಿದೆ ಎಂಬುದನ್ನು. ಆ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಸಲ್ಲುತ್ತದೆ ಎಂಬುದನ್ನು ಆಯಾ ಕ್ರಿಯಾಪದದ ಜೊತೆಯಲ್ಲೇ ಕಲಿಯಬೇಕು.

ಕನ್ನಡದ ಈ ಮೌನಕ್ಕೆ ಕನ್ನಡವೂ ಕೆಲವೊಮ್ಮೆ ಬೆಲೆ ತೆರುತ್ತದೆ. ‘ನಾವು ಬಂದ ಊರು’ ಎಂದರೆ ಯಾವುದು? ಬಿಟ್ಟುಬಂದ ಊರೇ, ಬಂದು ಸೇರಿದ ಊರೇ? ಎರಡೂ ಆಗಬಹುದು. ಇಂಗ್ಲಿಷ್ ‘ಫ್ರಮ್ ವಿಚ್’, ‘ಟು ವಿಚ್’ ಎಂದು ಬಿಡಿಸಿ ಹೇಳುತ್ತದೆ. ಇನ್ನು ಕೆಲವು ಸಂಬಂಧಗಳ ಹತ್ತಿರಕ್ಕೆ ಕೃದಂತ ಸುಳಿಯಲಾರದು. ‘ನಾನು ಆ ಹುಡುಗನಿಗಿಂತ ಎತ್ತರ’ ಎಂಬುದನ್ನು ‘ನಾನು ಎತ್ತರವಿರುವ ಹುಡುಗ’ ಎಂದು ತಿರುಗಿಸಿದರೆ ಅರ್ಥವೇ ಕೆಡುತ್ತದೆ. ಆಗ ನಾವು ‘ಯಾವ ಹುಡುಗನಿಗಿಂತ ನಾನು ಎತ್ತರವೋ ಆ ಹುಡುಗ’ ಎಂಬ ಇನ್ನೊಂದು ದಾರಿ ಹಿಡಿಯಬೇಕು. 1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಎಂಬ ಭಾಷಾವಿಜ್ಞಾನಿಗಳು ಜಗತ್ತಿನ ಹಲವು ಭಾಷೆಗಳನ್ನು ಹೋಲಿಸಿ, ಇದರಲ್ಲಿ ಒಂದು ಏಣಿಯಂಥ ಕ್ರಮವನ್ನು ಕಂಡರು. ವಿಶೇಷಣ ಉಪವಾಕ್ಯಕ್ಕೆ ಅತಿ ಸುಲಭವಾಗಿ ಸಿಗುವುದು ಕರ್ತೃ. ಅನಂತರ ಕರ್ಮ. ಆಮೇಲೆ ಚತುರ್ಥಿಯಂಥವು, ಉಳಿದ ಕಾರಕಗಳು, ಅದಾದ ಮೇಲೆ ಷಷ್ಠಿಯ ಒಡೆತನ. ಹೋಲಿಕೆಯ ‘ಇಂತ’ ಕಟ್ಟಕಡೆಗೆ. ಪಾಠ ಮಾಡುವವರಿಗೆ ಈ ಕ್ರಮ ದೊಡ್ಡ ಉಪಕಾರ ಮಾಡಬಲ್ಲದು. ‘ಹೂ’ ಪೂರ್ತಿ ಬಾಯಿಗೆ ಬರುವ ಮೊದಲೇ ಒಂದೇ ಪುಟದಲ್ಲಿ ‘ಹೂ, ಹೂಮ್, ಹೂಸ್, ವಿಚ್, ವೇರ್’ ಎಲ್ಲವನ್ನೂ ಒಟ್ಟಿಗೆ ಸುರಿಯುವ ಪದ್ಧತಿಯಿಂದ ಮಕ್ಕಳಿಗೆ ಗೊಂದಲವಲ್ಲದೆ ಇನ್ನೇನೂ ದಕ್ಕುವುದಿಲ್ಲ.

‘ವಿತ್ ವಿಚ್’ ಎನ್ನುವುದು ಬರಹಕ್ಕೆ ಒಪ್ಪುತ್ತದೆ. ಮಾತಿನಲ್ಲಿ ಇಂಗ್ಲಿಷರು ‘ದ ಪೆನ್ ಐ ರೋಟ್ ವಿತ್’ ಎಂದು ‘ವಿತ್’ ಅನ್ನು ಬಾಲದಲ್ಲಿ ಬಿಡುತ್ತಾರೆ. ಹಾಗೆ ಬಿಡುವುದು ತಪ್ಪೆಂದು ನಮ್ಮಲ್ಲಿ ಹಲವರು ಇನ್ನೂ ನಂಬಿದ್ದಾರೆ. ಈ ನಂಬಿಕೆಯ ಬೇರು ಹದಿನೇಳನೆಯ ಶತಮಾನದ ಕವಿ ಜಾನ್ ಡ್ರೈಡನ್‌ವರೆಗೆ ಹೋಗುತ್ತದೆ. 1672ರಲ್ಲಿ ಆತ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಪ್ರಿಪೊಸಿಷನ್ ವಾಕ್ಯದ ಕೊನೆಗೆ ಬಂದದ್ದನ್ನು ದೋಷವೆಂದ. ತಾನು 1668ರಲ್ಲಿ ಬರೆದ ನಾಟಕಕಾವ್ಯದ ಪ್ರಬಂಧವನ್ನು 1684ರಲ್ಲಿ ಮರುಮುದ್ರಿಸುವಾಗ ಅಂಥವನ್ನೆಲ್ಲ ಹುಡುಕಿ ತಿದ್ದಿಕೊಂಡ. ಲ್ಯಾಟಿನ್ನಿನಲ್ಲಿ ಹಾಗೆ ಬರೆಯಲಾಗದು, ಇಂಗ್ಲಿಷಿನಲ್ಲಿ ಬರೆಯಬಹುದು ಎಂಬುದಷ್ಟೇ ಸತ್ಯ. ನನ್ನ ಅಭಿಪ್ರಾಯದಲ್ಲಿ ಕಲಿಯುವವರು ಬಾಲದಲ್ಲಿ ಬಿಡುವ ರೂಪವನ್ನೇ ಮೊದಲು ಕಲಿಯಬೇಕು. ಅದು ಸುಲಭ, ಸಹಜ. ಎಲ್ಲಕ್ಕಿಂತ ಮುಖ್ಯವಾಗಿ, ಬಿದ್ದುಹೋಗುವ ಪದವನ್ನು ಕೊನೆಯವರೆಗೆ ಕಾದು ಹೇಳುವ ಶಿಸ್ತು ಅದರಿಂದ ಬರುತ್ತದೆ.

ಆ ಉದಾಹರಣೆಯಲ್ಲಿ ‘ವಿಚ್’ ಕೂಡ ಮಾಯವಾದದ್ದನ್ನು ಗಮನಿಸಿರಬಹುದು. ನಾಮಪದಕ್ಕೆ ಉಪವಾಕ್ಯದಲ್ಲಿ ಕರ್ತೃವಿನ ಪಾತ್ರ ಇಲ್ಲದಿದ್ದರೆ ಕೊಂಡಿಯನ್ನು ಬಿಡಬಹುದು: ‘ದ ಬುಕ್ ಐ ಬಾಟ್’. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ ಇದಕ್ಕೆ ಕಾಂಟ್ಯಾಕ್ಟ್ ಕ್ಲಾಜ್ ಎಂದು ಹೆಸರಿಟ್ಟ. ಕರ್ತೃವಾಗಿದ್ದಾಗ ಬಿಡುವಂತಿಲ್ಲ. ‘ದ ಮ್ಯಾನ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಅಂಕಲ್’ ಎಂದರೆ ಕೇಳುವವರು ‘ಕೇಮ್’ ಎಂಬಲ್ಲಿಗೇ ವಾಕ್ಯ ಮುಗಿಯಿತೆಂದು ತಿಳಿಯುತ್ತಾರೆ. ಕ್ರಿಯಾಪದವನ್ನೇ ಕುಗ್ಗಿಸಿ ‘ದ ಮ್ಯಾನ್ ಸಿಟಿಂಗ್ ದೇರ್’ ಎನ್ನುವ ಬಗೆಯೂ ಉಂಟು. ನಮ್ಮ ‘ಅಲ್ಲಿ ಕೂತಿರುವ’ ಎಂಬ ಕೃದಂತಕ್ಕೆ ಇಂಗ್ಲಿಷಿನಲ್ಲಿ ಅತಿ ಹತ್ತಿರದ ನೆಂಟ ಇದು, ಸ್ಥಾನ ಮಾತ್ರ ನಾಮಪದದ ಆಚೆ ಬದಿ.

‘ಹೂ’, ‘ವಿಚ್’, ‘ದಟ್’ ಇವುಗಳಲ್ಲಿ ಯಾವುದನ್ನು ಬಳಸಬೇಕೆಂಬ ಚರ್ಚೆಗೆ ಮೂರು ಶತಮಾನಕ್ಕೂ ಮಿಕ್ಕಿದ ವಯಸ್ಸು. ಹಳೆಯ ಇಂಗ್ಲಿಷಿನಲ್ಲಿ ‘ಹೂ’ ಬರೀ ಪ್ರಶ್ನೆ ಕೇಳುವ ಪದ, ನಮ್ಮ ‘ಯಾರು’ ಇದ್ದಂತೆ. ಉಪವಾಕ್ಯಕ್ಕೆ ಕೊಂಡಿಯಾಗಿದ್ದದ್ದು ಬೇರೆ ಅವ್ಯಯಗಳು, ‘ದಟ್’ ಪದದ ಹಳೆಯ ರೂಪವೂ ಅವುಗಳಲ್ಲಿ ಒಂದು. ಲ್ಯಾಟಿನ್, ಫ್ರೆಂಚ್ ಬರಹಗಳ ಒಡನಾಟ ಹೆಚ್ಚಿದ ಮಧ್ಯಯುಗದಲ್ಲಿ ಪ್ರಶ್ನಾರ್ಥಕಗಳು ಕೊಂಡಿಗಳಾಗತೊಡಗಿದವು. ‘ಹೂ’ ಕರ್ತೃವಿನ ಕೊಂಡಿಯಾಗಿ ನೆಲೆಯೂರಿದ್ದು ಎಲ್ಲಕ್ಕಿಂತ ತಡವಾಗಿ. 1611ರ ಬೈಬಲ್ ಅನುವಾದದಲ್ಲಿ ದೇವರ ಪ್ರಾರ್ಥನೆಯಲ್ಲೂ ತಂದೆಯಾದ ದೇವರಿಗೆ ‘ವಿಚ್’ ಎಂದೇ ಬಳಸಿದ್ದಾರೆ. ಇದಾಗಿ ನೂರು ವರ್ಷಕ್ಕೆ, 1711ರಲ್ಲಿ, ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ರಿಚರ್ಡ್ ಸ್ಟೀಲ್ ಒಂದು ಸೊಗಸಾದ ಮನವಿಪತ್ರ ಬರೆದ. ‘ಹೂ’ ಮತ್ತು ‘ವಿಚ್’ ಎಂಬ ಇಬ್ಬರು, ಸಂಪಾದಕರ ಮುಂದೆ ನಿಂತು, ಮೊನ್ನೆ ಮೊನ್ನೆ ಬಂದ ‘ದಟ್’ ತಮ್ಮ ಜಾಗ ಕಬಳಿಸಿದೆ ಎಂದು ದೂರುತ್ತಾರೆ. ಚರಿತ್ರೆ ಇದಕ್ಕೆ ತೀರಾ ತಿರುಗುಮುರುಗು, ಹಳೆಯ ಒಕ್ಕಲು ‘ದಟ್’ ಪದವೇ. 1926ರಲ್ಲಿ ಎಚ್.ಡಬ್ಲ್ಯು. ಫೌಲರ್ ತನ್ನ ಇಂಗ್ಲಿಷ್ ಪ್ರಯೋಗಕೋಶದಲ್ಲಿ, ಗುರುತು ಹಿಡಿಸುವ ಉಪವಾಕ್ಯಕ್ಕೆ ‘ದಟ್’, ಹೆಚ್ಚಿನ ಮಾಹಿತಿ ಕೊಡುವ ಉಪವಾಕ್ಯಕ್ಕೆ ‘ವಿಚ್’ ಎಂದು ಹಂಚಿಕೊಟ್ಟರೆ ಒಳ್ಳೆಯದು ಎಂದ. ಅಮೆರಿಕದ ಸಂಪಾದಕರು ಅದನ್ನು ನಿಯಮವೆಂಬಂತೆ ಪಾಲಿಸಿದರು, ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತಲೇ ಇವೆ. ಕಲಿಯುವವರು ನೆನಪಿಡಬೇಕಾದದ್ದು ಸ್ವಲ್ಪವೇ. ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’ ಅಥವಾ ‘ದಟ್’, ಅಲ್ಪವಿರಾಮದ ನಂತರ ‘ದಟ್’ ಬೇಡ.

ಈ ಅಲ್ಪವಿರಾಮದ ವಿಚಾರಕ್ಕೆ ಬಂದರೆ, ಇಡೀ ವಿಷಯದಲ್ಲಿ ನಮಗೆ ಅತಿ ದುಬಾರಿಯಾಗಿ ಬೀಳುವ ಚಿಹ್ನೆ ಅದು. ‘ಬೆಂಗಳೂರಿನಲ್ಲಿರುವ ನನ್ನ ಅಣ್ಣ’ ಎಂದಾಗ ನನಗೆ ಒಬ್ಬನೇ ಅಣ್ಣನೋ, ಹಲವು ಅಣ್ಣಂದಿರಲ್ಲಿ ಬೆಂಗಳೂರಿನವನೋ ಎಂದು ಕನ್ನಡ ಹೇಳುವುದಿಲ್ಲ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಬೆಂಗಳೂರು’ ಎಂದು ತಡೆಯಿಲ್ಲದೆ ಬರೆದರೆ ಬೇರೆ ಊರಿನಲ್ಲಿ ಇನ್ನೊಬ್ಬನಿದ್ದಾನೆ ಎಂಬ ಸೂಚನೆ. ‘ಬ್ರದರ್’ ಪದದ ನಂತರ, ‘ಬೆಂಗಳೂರು’ ಪದದ ನಂತರ ಅಲ್ಪವಿರಾಮ ಹಾಕಿದರೆ ಅಣ್ಣ ಒಬ್ಬನೇ, ಊರಿನ ಮಾತು ಬರೀ ಹೆಚ್ಚಿನ ಸಂಗತಿ. ಮಾತಿನಲ್ಲಾದರೆ ದನಿ ಒಂದು ಕ್ಷಣ ತಗ್ಗಿ, ನಿಂತು, ಮತ್ತೆ ಏರುತ್ತದೆ. ಬರಹದಲ್ಲಿ ಆ ಕೆಲಸವೆಲ್ಲ ಎರಡು ಚುಕ್ಕಿಬಾಲಗಳದು.

ಅಣ್ಣಂದಿರ ಲೆಕ್ಕ ತಪ್ಪಿದರೆ ಹಾನಿಯಿಲ್ಲ. ಕಾಲೇಜಿನ ಸೂಚನಾಫಲಕದಲ್ಲಿ ತಪ್ಪಿದರೆ? ‘ಶುಲ್ಕ ಕಟ್ಟದ ವಿದ್ಯಾರ್ಥಿಗಳಿಗೆ ಹಾಲ್ ಟಿಕೆಟ್ ಕೊಡುವುದಿಲ್ಲ’ ಎಂಬುದನ್ನು ‘ಸ್ಟೂಡೆಂಟ್ಸ್ ಹೂ ಹ್ಯಾವ್ ನಾಟ್ ಪೇಡ್ ದ ಫೀಸ್ ವಿಲ್ ನಾಟ್ ಗೆಟ್ ಹಾಲ್ ಟಿಕೆಟ್ಸ್’ ಎಂದು ಬರೆಯಬೇಕು. ಉಸಿರು ನಿಲ್ಲಿಸಲೆಂದು ‘ಸ್ಟೂಡೆಂಟ್ಸ್’ ಆದ ಮೇಲೊಂದು, ‘ಫೀಸ್’ ಆದ ಮೇಲೊಂದು ಅಲ್ಪವಿರಾಮ ಹಾಕಿಬಿಟ್ಟರೆ ಅರ್ಥ ಹೀಗಾಗುತ್ತದೆ: ವಿದ್ಯಾರ್ಥಿಗಳು ಯಾರೂ ಶುಲ್ಕ ಕಟ್ಟಿಲ್ಲ, ಯಾರಿಗೂ ಹಾಲ್ ಟಿಕೆಟ್ ಇಲ್ಲ. ಕಚೇರಿಯ ಸುತ್ತೋಲೆ, ಬಾಡಿಗೆ ಕರಾರು, ವಿಮೆಯ ಷರತ್ತು, ಎಲ್ಲೆಲ್ಲೂ ಇದೇ ಅಪಾಯ. ಒಂದು ಸುಲಭ ಪರೀಕ್ಷೆ ಇದೆ. ಉಪವಾಕ್ಯವನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದ ಮಾತು ಆಗಲೂ ಯಾರ ಬಗ್ಗೆ, ಯಾವುದರ ಬಗ್ಗೆ ಎಂದು ಗೊತ್ತಾಗುತ್ತಿದ್ದರೆ ಅಲ್ಪವಿರಾಮ ಬೇಕು, ಗೊತ್ತಾಗದಿದ್ದರೆ ಬೇಡ. ಕಾವೇರಿ ಒಂದೇ, ಆದ್ದರಿಂದ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಅಲ್ಪವಿರಾಮ ಖಂಡಿತ ಬರಬೇಕು. ಅಂಕಿತನಾಮಗಳಿಗೆಲ್ಲ ಹೆಚ್ಚುಕಡಿಮೆ ಹೀಗೆಯೇ.

ಉಪವಾಕ್ಯ ಯಾವ ನಾಮಪದಕ್ಕೆ ಸೇರಿದ್ದು ಎಂಬ ಪ್ರಶ್ನೆ ಒಮ್ಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಲಿಫ್ಟ್ ನಡೆಸುವ ಕೆಲಸದಲ್ಲಿದ್ದ ಮಹಿಳೆಯೊಬ್ಬರ ಹುದ್ದೆ ರದ್ದಾಯಿತು. ಹೃದಯದ ತೊಂದರೆಯೂ ಇದ್ದ ಆಕೆ ಅಂಗವೈಕಲ್ಯದ ಭತ್ಯೆ ಕೇಳಿದರು. ಹಳೆಯ ಕೆಲಸ ಮಾಡುವ ಶಕ್ತಿ ನಿಮಗೆ ಈಗಲೂ ಇದೆ ಎಂದು ಸರ್ಕಾರ ನಿರಾಕರಿಸಿತು. ಆ ಕೆಲಸವೇ ದೇಶದಲ್ಲಿ ಹೆಚ್ಚಾಗಿ ಉಳಿದಿಲ್ಲವಲ್ಲ ಎಂಬುದು ಆಕೆಯ ವಾದ. ಕಾನೂನಿನ ವಾಕ್ಯದಲ್ಲಿ ಮೊದಲು ‘ಹಿಂದಿನ ಕೆಲಸ’ ಬರುತ್ತದೆ, ಆಮೇಲೆ ‘ಬೇರೆ ಯಾವುದೇ ಕೆಲಸ’, ಅದರ ಬೆನ್ನಿಗೆ ‘ವಿಚ್’ ಕೊಂಡಿಯಿಂದ ಶುರುವಾಗುವ ಉಪವಾಕ್ಯ: ರಾಷ್ಟ್ರದ ಆರ್ಥಿಕತೆಯಲ್ಲಿ ಇರುವಂಥದು. ಈ ‘ಇರುವಂಥದು’ ಎರಡನೆಯದಕ್ಕೆ ಮಾತ್ರ ಅನ್ವಯವೋ, ಮೊದಲನೆಯದಕ್ಕೂ ಅನ್ವಯವೋ? ಕೆಳಗಿನ ಮೇಲ್ಮನವಿ ನ್ಯಾಯಾಲಯ ಎರಡಕ್ಕೂ ಎಂದು ಆಕೆಯ ಪರ ನಿಂತಿತು. 2003ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿ, ಉಪವಾಕ್ಯ ಸಾಮಾನ್ಯವಾಗಿ ತನ್ನ ಪಕ್ಕದ ನಾಮಪದಕ್ಕೇ ಸೇರುತ್ತದೆ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಮನೆಮಾತಿನ ಉದಾಹರಣೆ ಕೊಟ್ಟರು. ಪಾರ್ಟಿ ಮಾಡಬೇಡ, ಮನೆಗೆ ಹಾನಿಯಾಗುವ ಬೇರೆ ಯಾವ ಕೆಲಸವನ್ನೂ ಮಾಡಬೇಡ ಎಂದು ಹೆತ್ತವರು ಹೇಳಿಹೋದರೆ, ಪಾರ್ಟಿ ಮಾಡಿದ ಮಗ ಮನೆಗೇನೂ ಹಾನಿಯಾಗಿಲ್ಲ ಎಂದು ತಪ್ಪಿಸಿಕೊಳ್ಳಲಾಗದು. ಒಂದು ಬದುಕಿನ ಅನ್ನ ಒಂದು ಉಪವಾಕ್ಯ ಎಲ್ಲಿ ಅಂಟಿಕೊಳ್ಳುತ್ತದೆ ಎಂಬುದರ ಮೇಲೆ ನಿಂತಿತ್ತು. ಇದನ್ನು ಓದಿದ ಮೇಲೆ ವ್ಯಾಕರಣವನ್ನು ಒಣ ವಿಷಯ ಎನ್ನಲು ನನಗೆ ಬಾಯಿ ಬಾರದು.

ಕನ್ನಡದಲ್ಲಿ ಆ ಷರತ್ತು ನಾಮಪದದ ಮುಂಚೆಯೇ ಬರುವುದರಿಂದ ‘ಹಿಂದಿನ ಕೆಲಸ ಅಥವಾ ದೇಶದಲ್ಲಿ ಲಭ್ಯವಿರುವ ಬೇರೆ ಕೆಲಸ’ ಎಂದಾಗ ಗೊಂದಲ ಹುಟ್ಟುವುದಿಲ್ಲ. ಹಾಗೆಂದು ನಾವು ಪಾರಾದೆವೆಂದಲ್ಲ. ‘ಮೈಸೂರಿನಿಂದ ಬಂದ ಮೇಷ್ಟ್ರ ತಮ್ಮ’ ಎಂಬಲ್ಲಿ ಬಂದದ್ದು ಮೇಷ್ಟ್ರೋ ತಮ್ಮನೋ? ಇಂಗ್ಲಿಷಿಗೆ ಹಿಂದೆ ನಿಂತ ಎರಡು ನಾಮಪದಗಳ ಕಾಟ, ನಮಗೆ ಮುಂದೆ ನಿಂತವುಗಳ ಕಾಟ. ಕೆಲವೊಮ್ಮೆ ಮಾತ್ರ ಕನ್ನಡವೇ ಇಂಗ್ಲಿಷಿನ ಗಂಟು ಬಿಡಿಸುತ್ತದೆ. ‘ಒನ್ ಆಫ್ ದ ಸ್ಟೂಡೆಂಟ್ಸ್ ಹೂ’ ಆದ ಮೇಲೆ ‘ಹ್ಯ‍ಾಸ್’ ಬರೆಯಬೇಕೋ ‘ಹ್ಯಾವ್’ ಬರೆಯಬೇಕೋ ಎಂದು ಪದವೀಧರರೂ ತಲೆ ಕೆರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಹೇಳಿ ನೋಡಿ: ‘ಪಾಸಾದ ವಿದ್ಯಾರ್ಥಿಗಳಲ್ಲಿ ಒಬ್ಬ.’ ‘ಪಾಸಾದ’ ಎಂಬುದು ‘ವಿದ್ಯಾರ್ಥಿಗಳು’ ಎಂಬ ಬಹುವಚನಕ್ಕೆ ಅಂಟಿಕೊಂಡಿದೆ. ಆದ್ದರಿಂದ ‘ಹ್ಯಾವ್’.

ಕಾಲದ ವಿಷಯವನ್ನು ಚುಟುಕಾಗಿ ಮುಗಿಸಬಹುದು. ‘ಬಂದ, ಬರುವ, ಬರುತ್ತಿದ್ದ, ಬಂದಿರುವ, ಬರಬೇಕಾದ’ ಎಂದು ಕನ್ನಡ ಕೃದಂತ ಸಾಕಷ್ಟು ಛಾಯೆಗಳನ್ನು ಹಿಡಿಯುತ್ತದೆ. ನಿಷೇಧದಲ್ಲಿ ಮಾತ್ರ ಅದು ಕಾಲವನ್ನು ಕೈಬಿಡುತ್ತದೆ. ‘ಸಭೆಗೆ ಬಾರದ ಸದಸ್ಯರು’ ಎಂದರೆ ನಿನ್ನೆ ಬಾರದವರೂ ಹೌದು, ಎಂದೂ ಬಾರದವರೂ ಹೌದು, ನಾಳೆ ಬಾರದವರೂ ಹೌದು. ಇಂಗ್ಲಿಷಿನಲ್ಲಿ ‘ಡಿಡ್ ನಾಟ್’, ‘ಡು ನಾಟ್’, ‘ವಿಲ್ ನಾಟ್’ ಇವುಗಳಲ್ಲೊಂದನ್ನು ಆರಿಸಿಯೇ ತೀರಬೇಕು. ಸಭೆಯ ನಡಾವಳಿಯನ್ನು ಇಂಗ್ಲಿಷಿಗೆ ತರುವವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸುವುದು ಒಳ್ಳೆಯದು.

ಉಪವಾಕ್ಯದ ಮೇಲೆ ಉಪವಾಕ್ಯ ಪೇರಿಸುವಾಗ ಎರಡು ಭಾಷೆಗಳ ಮೈಕಟ್ಟು ಪೂರ್ತಿ ಕಾಣುತ್ತದೆ. ‘ಅಜ್ಜ ನೆಟ್ಟ ಮಾವಿನ ಮರದಲ್ಲಿ ಗೂಡು ಕಟ್ಟಿದ ಹಕ್ಕಿಯನ್ನು ಹೆದರಿಸಿದ ಬೆಕ್ಕನ್ನು ಓಡಿಸಿದ ನಾಯಿ’ ಎಂದು ನಾವು ಅಜ್ಜನಿಂದ ಹೊರಟು ನಾಯಿಯನ್ನು ಮುಟ್ಟುತ್ತೇವೆ. ಇಂಗ್ಲಿಷ್ ನಾಯಿಯಿಂದ ಹೊರಟು, ಬೆಕ್ಕು, ಹಕ್ಕಿ, ಮರ ದಾಟಿ ಅಜ್ಜನಲ್ಲಿಗೆ ಬರುತ್ತದೆ. ‘ದ ಹೌಸ್ ದಟ್ ಜ್ಯಾಕ್ ಬಿಲ್ಟ್’ ಎಂಬ ಮಕ್ಕಳ ಪದ್ಯ ನಿಂತಿರುವುದು ಈ ಗುಣದ ಮೇಲೆಯೇ. ಪ್ರತಿ ಸುತ್ತಿನಲ್ಲೂ ಹೊಸ ಪಾತ್ರ ಮೊದಲು ಬಂದು, ಜ್ಯಾಕನ ಮನೆ ಕೊನೆಗೆ ಪಲ್ಲವಿಯಂತೆ ಬೀಳುತ್ತದೆ. ಕನ್ನಡಕ್ಕೆ ತಂದರೆ ಪಲ್ಲವಿ ಮೊದಲಿಗೆ ಬಂದು, ಹೊಸ ಪಾತ್ರ ಕೊನೆಗೆ ಉಳಿಯುತ್ತದೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಷಿಕಾಗೊದಲ್ಲಿ ಪಾಠ ಹೇಳಿ, ವಚನಗಳನ್ನೂ ಸಂಗಂ ಕವಿತೆಗಳನ್ನೂ ಇಂಗ್ಲಿಷಿಗೆ ಕೊಟ್ಟ ಎ.ಕೆ. ರಾಮಾನುಜನ್ ತಮಿಳು ಕವಿತೆಯ ಅನುವಾದದ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಗುರುತಿಸಿದ್ದರು. ತಮಿಳಿನ ವಾಕ್ಯ ಎಡಕ್ಕೆ ಕವಲೊಡೆದರೆ ಇಂಗ್ಲಿಷಿನದು ಬಲಕ್ಕೆ, ಒಂದು ಇನ್ನೊಂದರ ಕನ್ನಡಿಬಿಂಬ ಎಂದು ತೋರಿಸಲು ಅವರು ಆರಿಸಿಕೊಂಡ ಉದಾಹರಣೆಗಳಲ್ಲಿ ಒಂದು ವಿಶೇಷಣ ಉಪವಾಕ್ಯವೇ. ಕನ್ನಡಕ್ಕೂ ಆ ಮಾತು ಅಷ್ಟೇ ಸಲ್ಲುತ್ತದೆ.

ಆದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಕನ್ನಡಿಬಿಂಬವನ್ನು ಕುರುಡಾಗಿ ನಂಬಿದರೆ ಕೆಟ್ಟ ಗದ್ಯ ಹುಟ್ಟುತ್ತದೆ. ನಮ್ಮ ಪತ್ರಿಕೆಗಳಲ್ಲಿ, ಸರ್ಕಾರಿ ಪ್ರಕಟಣೆಗಳಲ್ಲಿ ಅದನ್ನು ದಿನವೂ ಕಾಣುತ್ತೇವೆ: ‘ಹಲವು ವರ್ಷ ನೆನೆಗುದಿಗೆ ಬಿದ್ದಿದ್ದ, ಎರಡು ಜಿಲ್ಲೆಗಳನ್ನು ಬೆಸೆಯುವ, ಕಳೆದ ತಿಂಗಳಷ್ಟೇ ಉದ್ಘಾಟನೆಯಾಗಿದ್ದ ಸೇತುವೆ ಕುಸಿದಿದೆ.’ ಓದುಗ ಸೇತುವೆ ಸಿಗುವ ತನಕ ಮೂರು ಹೊರೆ ಹೊತ್ತು ನಡೆಯಬೇಕು. ಇಲ್ಲಿ ಇಂಗ್ಲಿಷಿನ ಅಲ್ಪವಿರಾಮವೇ ಅನುವಾದಕರಿಗೆ ದಾರಿ ತೋರಿಸಬಲ್ಲದು. ಅಲ್ಪವಿರಾಮವಿಲ್ಲದ ಉಪವಾಕ್ಯ ಗುರುತು ಹಿಡಿಸುವಂಥದು, ಅದನ್ನು ಕೃದಂತ ಮಾಡಿ ನಾಮಪದದ ಮುಂಚೆ ಇಡಬೇಕು. ಅಲ್ಪವಿರಾಮಗಳ ನಡುವೆ ಬಂದದ್ದು ಹೆಚ್ಚಿನ ಸಂಗತಿ, ಅದನ್ನು ಕಿತ್ತು ಬೇರೆ ವಾಕ್ಯ ಮಾಡಿದರೆ ಕನ್ನಡ ಉಸಿರಾಡುತ್ತದೆ. ಆಗ ಸುದ್ದಿ ಹೀಗೆ ಬರುತ್ತದೆ: ‘ಎರಡು ಜಿಲ್ಲೆಗಳನ್ನು ಬೆಸೆಯುವ ಸೇತುವೆ ಕುಸಿದಿದೆ. ಹಲವು ವರ್ಷ ನೆನೆಗುದಿಗೆ ಬಿದ್ದಿದ್ದ ಅದು ಕಳೆದ ತಿಂಗಳಷ್ಟೇ ಉದ್ಘಾಟನೆಯಾಗಿತ್ತು.’ ಯಾವ ಸೇತುವೆ ಎಂದು ತಿಳಿಸುವ ‘ಬೆಸೆಯುವ’ ಮುಂಚೆಯೇ ಉಳಿಯಿತು, ಮಿಕ್ಕ ಎರಡು ಸಂಗತಿಗಳು ತಮ್ಮದೇ ವಾಕ್ಯಕ್ಕೆ ಹೋದವು.